ಕೆಲಸಕ್ಕೆ ಬಾರದವರ ಕಾಲಂ

ಗುಮಾಸ್ತರಿಗೆ ನಿವೃತ್ತಿಯಾಗಿ ಐದು ತಿಂಗಳಾಗಿತ್ತು. ಆದರೆ ಆ ಆದೇಶದ ಪ್ರತಿ ಅವರ ಕೈಕಾಲುಗಳಿಗೆ ಇನ್ನೂ ತಲುಪಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗುವುದು, ನೆನಪಾಗಿ ವಾಪಸು ಬರುವುದು. ಬಂದವರು ಸುಮ್ಮನೆ ಕೂರುತ್ತಾರೆಯೇ? ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಟ್ಟರು. ಸಕ್ಕರೆಯ ಪಕ್ಕಕ್ಕೆ ಸೋಪಿನ ಪುಡಿ ಬಂತು, ಮಾರನೆಯ ದಿನ ಚಹಾಕ್ಕೆ ನೊರೆ ಬಂತು.

"ರೀ, ನಿಮ್ಮ ದಮ್ಮಯ್ಯ, ಒಂದು ಕಡೆ ಕೂತ್ಕೊಳ್ರೀ!" ಎನ್ನುತ್ತಿದ್ದಳು ಹೆಂಡತಿ. ಅವಳು ಕಿಟಕಿಯ ಬಳಿ ಕೂತು, ಬೀದಿಯ ಕೊನೆಯ ಟೈಲರ್ ಕಳಿಸುವ ಶರ್ಟುಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದಳು. ಹದಿನೆಂಟು ವರ್ಷದಿಂದ ಹೊಲಿಯುತ್ತಿದ್ದಳು. ಗುಮಾಸ್ತರ ಪ್ರಕಾರ ಅದು ಹೊತ್ತು ಹೋಗದ್ದಕ್ಕೆ ಮಾಡುವ ಕಸೂತಿ.

ಗುಮಾಸ್ತರಿಗೆ ಉಳಿದಿದ್ದ ಸಮಾಧಾನ ಒಂದೇ. ಬಾಗಿಲಿಗೆ ಯಾರೇ ಏನೇ ಮಾರಲು ಬರಲಿ, ಹೆಂಡತಿ "ಯಜಮಾನ್ರನ್ನ ಕೇಳಿ ಹೇಳ್ತೀನಿ" ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರ ಎದೆ ಎರಡಂಗುಲ ಉಬ್ಬುತ್ತಿತ್ತು. (ಅವಳು ಒಂದು ಸಲವೂ ಕೇಳಿದ್ದಿಲ್ಲ, ಅದು ಬೇರೆ ಮಾತು.)

ಹೀಗಿರುವಾಗ ಒಂದು ಭಾನುವಾರ ಜನಗಣತಿಯ ಟೀಚರ್ ಬಂದರು. ಅವತ್ತು ಮನೆಗೆ ನಂಬರು ಬರೆಯುವುದಷ್ಟೇ. ಜನರ ವಿವರ ಮುಂದಿನ ಭಾನುವಾರಕ್ಕೆ.

"ಏನೇನು ಕೇಳ್ತೀರೋ ಈಗಲೇ ಹೇಳಿಬಿಡಿ," ಎಂದರು ಗುಮಾಸ್ತರು. "ಉತ್ತರ ಸಿದ್ಧ ಇಡಬೇಕಲ್ಲ."

"ಹಿಂದಿನ ಏಳು ದಿನದಲ್ಲಿ ಒಂದು ಗಂಟೆಯಾದ್ರೂ ಸಂಪಾದನೆಗೆ ಕೆಲಸ ಮಾಡಿದ್ರಾ ಅಂತ ಕೇಳ್ತೀವಿ ಸಾರ್."

"ಮೂವತ್ನಾಲ್ಕು ವರ್ಷ ಮಾಡಿದ್ದೀನಮ್ಮ!"

"ಏಳು ದಿನದಲ್ಲಿ ಸಾರ್."

"...ಇಲ್ಲ."

"ಕೆಲಸ ಹುಡುಕಿದ್ರಾ?"

"ನಾನ್ಯಾಕೆ ಹುಡುಕಲಿ? ಬೇಕಾದೋರು ಬಂದು ಕರೀಲಿ!"

"ಹಾಗಾದ್ರೆ ನೀವು ನಿರುದ್ಯೋಗಿನೂ ಅಲ್ಲ. ಹುಡುಕಿಯೂ ಸಿಗದವರಿಗೆ ಮಾತ್ರ ಆ ಹೆಸರು. ನೀವು ದುಡಿಯೋರ ಲೆಕ್ಕದಿಂದಲೇ ಹೊರಗೆ."

ಗುಮಾಸ್ತರು ಬೆಪ್ಪಾದರು. ನಿರುದ್ಯೋಗಿ ಅನ್ನಿಸಿಕೊಳ್ಳುವ ಅರ್ಹತೆಯೂ ತಮಗಿಲ್ಲವೇ!

"ಅಷ್ಟುದ್ದ ಯಾಕೆ ಟೀಚರ್?" ಎಂದಳು ಹೆಂಡತಿ ಕಿಟಕಿಯಿಂದ. "ಕೆಲಸಕ್ಕೆ ಬಾರದವರು ಅಂತ ಬರ್ಕೊಳ್ಳಿ, ಜಾಗ ಉಳಿಯುತ್ತೆ."

ಟೀಚರ್ ನಕ್ಕುಬಿಟ್ಟರು. (ಗಣತಿಗೆ ಬಂದವರು ನಗಬಾರದೆಂಬ ನಿಯಮ ಇಲ್ಲವೇನೋ.)

ಅವತ್ತು ಗುಮಾಸ್ತರಿಗೆ ಊಟ ಸೇರಲಿಲ್ಲ. ಒಮ್ಮೆ ಬರೆದರೆ ಮುಂದಿನ ಗಣತಿಯವರೆಗೆ ಅಳಿಸುವ ಹಾಗಿಲ್ಲ. ಕೈ ತೊಳೆಯುವಾಗ ಥಟ್ಟನೆ ಹೊಳೆಯಿತು: ಒಂದು ಗಂಟೆ! ಏಳು ದಿನದಲ್ಲಿ ಒಂದೇ ಒಂದು ಗಂಟೆ ದುಡಿದರೆ ಸಾಕಲ್ಲ!

ಸೋಮವಾರ ಕ್ಷೌರದಂಗಡಿಗೆ ಹೋದರು. "ನಿಮ್ಮ ಕೈ ನಡುಗುತ್ತೆ ಸಾರ್," ಎಂದ ಕ್ಷೌರಿಕ, "ಗಿರಾಕಿಗಿರೋದು ಎರಡೇ ಕಿವಿ." ಮಂಗಳವಾರ ಜೆರಾಕ್ಸ್ ಅಂಗಡಿಯವನು ಪಾಪ ಎಂದು ಕೌಂಟರಿನಲ್ಲಿ ನಿಲ್ಲಿಸಿಕೊಂಡ. ಗುಮಾಸ್ತರು ಪ್ರತಿ ತೆಗೆಸಲು ಬಂದವರ ಅರ್ಜಿಗಳನ್ನೆಲ್ಲ ಓದಿ, ಕೆಂಪು ಶಾಯಿಯಲ್ಲಿ ತಪ್ಪು ತಿದ್ದತೊಡಗಿದರು. ಕಾಲು ಗಂಟೆಯಲ್ಲಿ ಅಂಗಡಿ ಖಾಲಿ. ಅಂಗಡಿಯವನು ಕೈಮುಗಿದ. ಬುಧವಾರ, ಗುರುವಾರ ಬೀದಿ ಬೀದಿ ಅಲೆದದ್ದೇ ಬಂತು, ಚಪ್ಪಲಿ ಸವೆಯಿತು.

ಶುಕ್ರವಾರ ಮನೆಯಲ್ಲೇ ಶತಪಥ ಹಾಕಿದರು. ಫ್ಯಾನು ಹಾಕಿದರು, ಆರಿಸಿದರು. ದಾರದ ಉಂಡೆ ಕಾಲಿಗೆ ಸಿಕ್ಕಿ, ಬಿಡಿಸಲು ಹೋದರೆ ಇನ್ನಷ್ಟು ಸುತ್ತಿಕೊಂಡಿತು.

"ಅಯ್ಯೋ, ನಿಮ್ಮ ಕಾಲಿಗೆ ಚಕ್ರ ಕಟ್ಟಿದ್ದಾರೇನ್ರೀ!" ಎಂದು ರೇಗಿದಳು ಹೆಂಡತಿ.

"ಇಡೀ ಊರಲ್ಲಿ ನನಗೆ ಅಂತ ಒಂದು ಗಂಟೆ ಕೆಲಸ ಇಲ್ಲ ಕಣೇ," ಎಂದರು ಗುಮಾಸ್ತರು. ಗದರಬೇಕೆಂದಿದ್ದರು, ಮಾತು ಗೋಗರೆದಂತೆ ಬಂತು. ನಾಚಿಕೆಯಾಗಿ ಗೋಡೆಯ ಕಡೆ ತಿರುಗಿ ನಿಂತರು.

ಹೆಂಡತಿಯ ಸೂಜಿ ನಿಂತಿತು. ಅವಳು ದಾರ ಬಿಡಿಸಿ, ಶರ್ಟುಗಳ ಗಂಟು ಎತ್ತಿಕೊಂಡು ಟೈಲರ್ ಅಂಗಡಿಗೆ ಹೋಗಿಬಂದಳು.

ಶನಿವಾರ ಬೆಳಿಗ್ಗೆ ಖುದ್ದು ಟೈಲರೇ ಬಾಗಿಲಿಗೆ ಬಂದ. "ಸಾರ್, ಅರ್ಜೆಂಟಾಗಿ ಒಂದು ಗಂಟೆ ಕೆಲಸ ಇದೆ. ನಿಮ್ಮಂಥ ಅನುಭವಸ್ಥರೇ ಬೇಕು." ಕೆಲಸ ಏನೆಂದರೆ ದೊಡ್ಡ ಡಬ್ಬಿಯ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುವುದು. ಗುಮಾಸ್ತರು ಟೈಲರ್ ಅಂಗಡಿಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು ಹನ್ನೊಂದರಿಂದ ಹನ್ನೆರಡರವರೆಗೆ ತಲೆಯೆತ್ತದೆ ದುಡಿದರು. ಟೈಲರ್ ಕೊಟ್ಟ ನೋಟನ್ನು ಮನೆಗೆ ತಂದು ಹೆಂಡತಿಯ ಮೂಗಿನ ಮುಂದೆ ಆಡಿಸಿದರು.

"ನೋಡ್ಕೋ, ದುಡಿದ ದುಡ್ಡು!"

"ಒಳ್ಳೇದಾಯ್ತು ಬಿಡಿ," ಎಂದಳು ಅವಳು, ದಾರ ಪೋಣಿಸುತ್ತಾ.

ಭಾನುವಾರ ಟೀಚರ್ ಬರುವ ಮೊದಲೇ ಗುಮಾಸ್ತರು ಇಸ್ತ್ರಿ ಶರ್ಟಿನಲ್ಲಿ ಕಾದಿದ್ದರು. "ಬರ್ಕೊಳ್ಳಿ. ದುಡಿಮೆ, ಒಂದು ಗಂಟೆ. ಸಂಬಳ, ಇದೋ! ಇನ್ನು ಇವಳದ್ದು. ಮನೆಯಲ್ಲೇ ಇರ್ತಾಳೆ, ಏನೂ ಕೆಲಸ ಇಲ್ಲ."

"ಅವರನ್ನೇ ಕೇಳ್ತೀನಿ ಸಾರ್. ಏನಮ್ಮಾ, ಏನು ಹೊಲೀತಿದ್ದೀರಿ?"

"ಕಾಜಾ, ಗುಂಡಿ. ವಾರಕ್ಕೆ ಐವತ್ತು ಶರ್ಟು."

"ಕೂಲಿ ಉಂಟಾ?"

"ಉಂಟು. ಶರ್ಟಿಗಿಷ್ಟು ಅಂತ."

ಟೀಚರ್ ಗಂಟೆಯ ಲೆಕ್ಕವನ್ನೂ ಕೇಳಿ ಬರೆದುಕೊಂಡೇ ಹೋದರು. ಗುಮಾಸ್ತರು ಕತ್ತು ಚಾಚಿ ನೋಡಿದರು: ಹೆಂಡತಿಯ ದುಡಿಮೆ ವಾರಕ್ಕೆ ಮೂವತ್ತು ಗಂಟೆ!

"ನೀವು ಸಂಬಳ ಕೊಟ್ಟು ಯಾರನ್ನಾದ್ರೂ ಇಟ್ಕೊಂಡಿದ್ದೀರಾ?"

ಹೆಂಡತಿ ತಡವರಿಸಿದಳು. "ಅದು... ಇಲ್ಲ ಅಂತ ಬರ್ಕೊಳ್ಳಿ ಟೀಚರ್."

ಮೂವತ್ನಾಲ್ಕು ವರ್ಷದ ಗುಮಾಸ್ತಿಕೆ ಎದ್ದು ನಿಂತಿತು. "ಅಂತ ಬರ್ಕೊಳ್ಳಿ ಅಂದ್ರೇನು? ಸರ್ಕಾರಿ ದಾಖಲೆ! ಇದ್ದದ್ದು ಇದ್ದ ಹಾಗೆ ಹೇಳು!"

"ಬೇಡ ಬಿಡ್ರೀ..."

"ಹೇಳು ಅಂದೆ!"

"ಒಬ್ಬರನ್ನ ಇಟ್ಕೊಂಡಿದ್ದೆ," ಎಂದಳು ಅವಳು ಮೆಲ್ಲಗೆ. "ನಿನ್ನೆ, ಒಂದು ಗಂಟೆ. ಶರ್ಟಿನ ಗಂಟಲ್ಲಿಟ್ಟು ಒಯ್ದ ನನ್ನ ಗುಂಡಿ ಡಬ್ಬಿ ವಿಂಗಡಿಸೋಕೆ. ಸಂಬಳ ಟೈಲರ್ ಕೈಲಿ ಕೊಡಿಸ್ದೆ." ಆಮೇಲೆ ತಡೆಯಲಾರದೆ ಸೇರಿಸಿದಳು, "ಬಿಳಿ ಗುಂಡಿಗೆ ಹಾಲುಬಿಳಿ ಗುಂಡಿ ಬೆರೆಸಿಟ್ಟಿದ್ದಾರೆ. ಇರ್ಲಿ, ಹೊಸಬರು."

ಗುಮಾಸ್ತರ ಕೈಯಲ್ಲಿದ್ದ ನೋಟು ಜೇಬಿಗೆ ಹೋಗಲೂ ಇಲ್ಲ, ಕೈಯಲ್ಲಿ ನಿಲ್ಲಲೂ ಇಲ್ಲ. ಮಾನ ಹೋಯಿತು ಎನ್ನಿಸಿತು. ಶುಕ್ರವಾರ ಇವಳು ಟೈಲರ್ ಅಂಗಡಿಗೆ ಹೋಗಿಬಂದದ್ದು ತಮಗಾಗಿಯೇ ಎಂದು ಹೊಟ್ಟೆ ತಣ್ಣಗೂ ಆಯಿತು. ಯಾವುದು ಮೊದಲು ಆಯಿತೋ ಅವರಿಗೇ ತಿಳಿಯಲಿಲ್ಲ.

ಟೀಚರ್ ತುಟಿ ಕಚ್ಚಿಕೊಂಡು ಅವರತ್ತ ತಿರುಗಿದರು. "ಕೊನೇ ಪ್ರಶ್ನೆ ಸಾರ್. ಇನ್ನೂ ಹೆಚ್ಚು ಕೆಲಸ ಸಿಕ್ಕಿದ್ರೆ ಮಾಡೋಕೆ ಸಿದ್ಧ ಇದ್ದೀರಾ?"

ಗುಮಾಸ್ತರು ಕಿಟಕಿಯ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಯಜಮಾನ್ತೀನ ಕೇಳಿ ಹೇಳ್ತೀನಿ."