ಹಿಂದೂ ಮಹಾಸಾಗರ, ಖರಾಬು

ಭೂಮಿಯನ್ನು ಅಳೆದವರು ಇದ್ದಾರೆ, ಸುತ್ತಿ ಬಂದವರು ಇದ್ದಾರೆ, ಅದು ದೋಸೆಯ ಹಾಗೆ ಚಪ್ಪಟೆ ಎಂದು ಜಗಳಕ್ಕೆ ನಿಂತವರೂ ಇದ್ದಾರೆ. ಆದರೆ ಇಡೀ ಭೂಮಂಡಲಕ್ಕೆ ಚಕ್ಕುಬಂದಿ ಬರೆಸಿದ ಮಹಾನುಭಾವರು ನನಗೆ ತಿಳಿದ ಮಟ್ಟಿಗೆ ಒಬ್ಬರೇ! ಸೊರಬ ಸೀಮೆಯ ಒಂದು ಹೈಸ್ಕೂಲಿನಲ್ಲಿ ನಮಗೆ ಭೂಗೋಳವನ್ನೂ ವಿಜ್ಞಾನವನ್ನೂ ಕಲಿಸುತ್ತಿದ್ದ ಮೇಷ್ಟ್ರು ಅವರು. ಹೆಸರು ಹೇಳುವುದಿಲ್ಲ. ಹೇಳಿದರೆ ಶಿಕಾರಿಪುರದ ಕಡೆಯ ಅವರ ನೆಂಟರು ನನ್ನ ಮೇಲೆ ತಕರಾರು ಅರ್ಜಿ ಹಾಕಿಯಾರು. ಆ ಮನೆತನಕ್ಕೆ ಅದೊಂದು ಹವ್ಯಾಸ.

ಬಳ್ಳಿಗಾವಿಯ ಹತ್ತಿರದ ಶಾನುಭೋಗರ ಮನೆ ಅವರದು. ಆ ಮನೆಯಲ್ಲಿ ಮಗು ಮೊದಲು ಆಡುವ ಮಾತು ‘ಅಮ್ಮ’ ಅಲ್ಲ, ‘ಸದರಿ’ ಎಂದು ಊರವರು ತಮಾಷೆ ಮಾಡುತ್ತಿದ್ದರಂತೆ. ನಮ್ಮ ಮೇಷ್ಟ್ರು ಶಾನುಭೋಗಿಕೆ ಬೇಡವೆಂದು ಓದಿ ಮೇಷ್ಟ್ರಾದರು ನಿಜ. ಶಾನುಭೋಗಿಕೆ ಅವರನ್ನು ಬಿಡಬೇಕಲ್ಲ!

ಚಕ್ಕುಬಂದಿ ಅಂದರೆ ಗೊತ್ತಲ್ಲ? ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಹಳ್ಳ, ತೆಂಕಲಿಗೆ ಗಾಡಿದಾರಿ, ಬಡಗಲಿಗೆ ಇಂಥವರ ಕಣ ಎಂದು ಜಮೀನಿನ ಪತ್ರದಲ್ಲಿ ನಾಲ್ಕು ಎಲ್ಲೆ ಬರೆಯುತ್ತಾರಲ್ಲ, ಅದೇ. ನಾನು ಹೊಸಬಾಳೆಯ ಒಕ್ಕಲು ಮಗಳು. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳೂ ನಾನೇ. ಈ ಮಾತನ್ನು ಸಂದರ್ಭ ಇರಲಿ ಬಿಡಲಿ ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಹೇಳಿದ್ದಾಯಿತು. ನಮ್ಮಂಥವರ ಮನೆಗೆ ಆಗ ಪುಸ್ತಕ ಬಂದಿರಲಿಲ್ಲ, ಪತ್ರಿಕೆ ಬಂದಿರಲಿಲ್ಲ, ಆದರೆ ಚಕ್ಕುಬಂದಿ ಎಂದೋ ಬಂದಿತ್ತು. ಅದಿಲ್ಲದೆ ಬೇಲಿ ಜಗಳ ಆಡುವುದು ಹೇಗೆ?

ಮೇಷ್ಟ್ರು ಬಂದ ಹೊಸತು. “ಭಾರತದ ಎಲ್ಲೆ ಹೇಳ್ರಪ” ಅಂದರು. ಪಕ್ಕದ ಮನೆಯ ಒಡವೆ ಲೆಕ್ಕ ಕೇಳಿದರೇನೋ ಎಂಬ ಹಾಗೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹಾಜರಿ ಕೂಗಿದರೂ ಉಸಿರು ಬಿಡದವನು, ಅವನಿಗೆ ‘ಮೂಗ’ ಎಂದೇ ಹೆಸರಿಟ್ಟಿದ್ದೆವು. ಮೇಷ್ಟ್ರು ಅವನ ಹತ್ತಿರ ಹೋಗಿ, “ಭಾರತ ಹೋಗ್ಲಿ ಬಿಡು ತಮ್ಮಾ. ನಿಮ್ಮ ಗದ್ದೆ ಚಕ್ಕುಬಂದಿ ಹೇಳು” ಅಂದರು. ನೋಡಿ! ಮೂಗ ಎದ್ದು ನಿಂತ. ಮೂಡಲಿಗೆ ದೊಡ್ಡಪ್ಪನ ಗದ್ದೆ, ಪಡುವಲಿಗೆ ಕೆರೆ ಏರಿ ಎಂದು ಶುರು ಮಾಡಿದವನು ನಾಲ್ಕೂ ದಿಕ್ಕು ಒಂದೇ ಉಸಿರಿಗೆ ಹೇಳಿ, ದೊಡ್ಡಪ್ಪ ಬದು ಕಡಿದದ್ದನ್ನೂ ಸೇರಿಸಿ ಕೂತ.

“ಮತ್ತೆ? ಭಾರತ ಏನು ನಿಮ್ಮಪ್ಪನ ಗದ್ದೆಗಿಂತ ಕಷ್ಟನಾ? ಅದಕ್ಕೂ ನಾಕೇ ದಿಕ್ಕು ಕಣ್ರೋ!”

ಅಂದಿನಿಂದ ನಮ್ಮ ಭೂಗೋಳ ಹೀಗೆ: ಸದರಿ ಭಾರತ ದೇಶಕ್ಕೆ ಚಕ್ಕುಬಂದಿ, ಮೂಡಲಿಗೆ ಬಂಗಾಳ ಕೊಲ್ಲಿ, ಖರಾಬು, ಪಡುವಲಿಗೆ ಅರಬ್ಬೀ ಸಮುದ್ರ, ಖರಾಬು, ತೆಂಕಲಿಗೆ ಹಿಂದೂ ಮಹಾಸಾಗರ, ಖರಾಬು, ಬಡಗಲಿಗೆ ಹಿಮಾಲಯ ಪರ್ವತ, ಅದೂ ಖರಾಬು. ಉಳಲು ಬಾರದ್ದೆಲ್ಲ ಖರಾಬು ತಾನೆ? ಸಮುದ್ರದಲ್ಲಿ ಯಾರು ನೇಗಿಲು ಹೂಡುತ್ತಾರೆ? ಹೀಗೆ ನೀರಿಲ್ಲದ ಸಹರಾ ಮರುಭೂಮಿ ಖುಷ್ಕಿ ಜಮೀನಾಯಿತು. ಬ್ರಹ್ಮದೇಶದಲ್ಲಿ ಭತ್ತ ಬೆಳೆಯುವುದರಿಂದ ಅದು ತರಿ. ಕುರಿ ಮೇಯಿಸುವ ಆಸ್ಟ್ರೇಲಿಯಾ ಇಡಿಯಾಗಿ ಗೋಮಾಳ! “ಇಂಗ್ಲೆಂಡು ಸಾರ್?” ಎಂದು ಯಾರೋ ಕೇಳಿದರು. “ಸಣ್ಣ ಹಿಡುವಳಿ. ಆದ್ರೆ ಒತ್ತುವರಿ ಜಾಸ್ತಿ. ಈಗ ಒಂದೊಂದೇ ತೆರವು ಮಾಡ್ತಾ ಐತಿ” ಅಂದರು.

ರಜೆಗೆ ಊರಿಗೆ ಹೋದಾಗ ಇದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. “ಎಂಥದೇ ಅದು, ಮೂರು ಕಡೆ ನೀರು, ಒಂದು ಕಡೆ ಕಲ್ಲು! ಯಾವ ಪುಣ್ಯಾತ್ಮನೇ ಅದನ್ನ ಕ್ರಯಕ್ಕೆ ತಗಂಡಿದ್ದು?”

ಇನ್ನು ವಿಜ್ಞಾನ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಿಗೆ ತೋರಿಸದಿದ್ದರೆ ಮೇಷ್ಟ್ರಿಗೆ ಅನ್ನ ಸೇರುತ್ತಿರಲಿಲ್ಲ. ಲಾಟೀನು ಸೂರ್ಯ, ಚಕ್ಕೋತ ಭೂಮಿ, ನಿಂಬೆಹಣ್ಣು ಚಂದ್ರ. ಬಿಸಿಲುಗಾಲದಲ್ಲಿ ಗ್ರಹಣದ ಪಾಠ ಇಟ್ಟುಕೊಂಡರೆ ಗ್ರಹಣ ಬಿಡುವ ಹೊತ್ತಿಗೆ ಚಂದ್ರ ಯಾರದೋ ಪಾನಕದಲ್ಲಿರುತ್ತಿದ್ದ. ಶ್ವಾಸಕೋಶಕ್ಕೆ ಫುಟ್‌ಬಾಲಿನ ಹಳೆಯ ಬ್ಲ್ಯಾಡರು, ಉಸಿರಿಗೆ ಸೈಕಲ್ ಪಂಪು. ಒಂದು ದಿನ ಪಾಠದ ಭರದಲ್ಲಿ ಉಸಿರು ಜಾಸ್ತಿಯಾಗಿ ಶ್ವಾಸಕೋಶ ಢಮಾರ್ ಎಂದು ಸಿಡಿಯಿತು. ಬಾಗಿಲಲ್ಲಿ ಹೆಡ್ಮಾಸ್ಟರು ನಿಂತಿದ್ದರು. ಮೇಷ್ಟ್ರು ಒಂದಿಷ್ಟೂ ಗಲಿಬಿಲಿಯಾಗದೆ, “ನೋಡಿದ್ರಲ್ರಪ, ಬೀಡಿ ಸೇದೋರ ಗತಿ ಇದು” ಅಂದರು. ಹೆಡ್ಮಾಸ್ಟರ ಕೈ ತಾನಾಗಿ ಕೋಟಿನ ಜೇಬು ಮುಚ್ಚಿಕೊಂಡಿತು!

ಇದನ್ನೆಲ್ಲ ನೋಡಿ ನಾವು ನಗುತ್ತಿದ್ದೆವು. ಆದರೆ ಮೇಷ್ಟ್ರಿಗೆ ನಗುವ ಸ್ಥಿತಿ ಇರಲಿಲ್ಲ. ಅವರ ನೌಕರಿ ಹಂಗಾಮಿ. ಖಾಯಂ ಆಗಬೇಕಾದರೆ ಇನ್ಸ್‌ಪೆಕ್ಟರು ಬಂದು, ಪಾಠ ನೋಡಿ, ಒಳ್ಳೆಯ ಮಾತು ಬರೆಯಬೇಕು. ಅದಕ್ಕೆ ಗಂಟು ಬಿದ್ದ ಇನ್ನೊಂದು ಎಳೆಯೂ ಇತ್ತು. ಆನವಟ್ಟಿಯಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದರು. ಹುಡುಗಿಯ ತಂದೆ, “ನೌಕರಿ ಖಾಯಂ ಆದ್ರೆ ಹುಡುಗಿ ಖಾಯಂ” ಎಂದು ಖಡಾಖಂಡಿತವಾಗಿ ಹೇಳಿದ್ದರು. ಆಮೇಲೆ ಮೇಷ್ಟ್ರು ಸೈಕಲ್ ಹತ್ತಿ ಆನವಟ್ಟಿ ಸಂತೆಗೆ ಪದೇ ಪದೇ ಹೋಗತೊಡಗಿದರು. ಪಾಠೋಪಕರಣ ತರುವುದಕ್ಕೆ ಅನ್ನುತ್ತಿದ್ದರು. ಪ್ರತಿ ಸಲವೂ ಒಂದು ಚಕ್ಕೋತವನ್ನಷ್ಟೇ ತರುತ್ತಿದ್ದರು.

ಶಾಲೆಯಲ್ಲಿ ಸರಕಾರದ ಪಾಠೋಪಕರಣ ಇರಲಿಲ್ಲವೇ? ಧಾರಾಳವಾಗಿ ಇತ್ತು! ಒಂದು ಗೋಳ, ಒಂದು ಗೋಡೆ ನಕ್ಷೆ. ಗೋಳ ಹೆಡ್ಮಾಸ್ಟರ ಬೀರುವಿನಲ್ಲಿ ಹಳೆಯ ಪಂಚೆ ಸುತ್ತಿಕೊಂಡು ಕೂತಿತ್ತು. ಮೇಷ್ಟ್ರು ಕೇಳಿದಾಗಲೆಲ್ಲ, “ತಿರುಗಿಸಿದ್ರೆ ಸವೀತದೆ ಕಣ್ರೀ” ಎಂಬ ಉತ್ತರ. ಭೂಮಿ ಕೋಟಿ ಕೋಟಿ ವರ್ಷದಿಂದ ತಿರುಗುತ್ತಿದೆ ಎಂದು ನಾವು ಕಲಿತದ್ದು, ಒಮ್ಮೆಯೂ ತಿರುಗದ ಗೋಳವಿದ್ದ ಆ ಬೀರುವಿನ ಪಕ್ಕದ ಕೋಣೆಯಲ್ಲಿ.

ನಕ್ಷೆಯದು ಬೇರೆ ಕಥೆ. ರಾಜ್ಯ ಒಂದಾಗಿ ಕೆಲಕಾಲ ಆಗಿದ್ದರೂ ನಕ್ಷೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಅದರಲ್ಲಿ ಆನವಟ್ಟಿ ದಾಟಿದರೆ ಮುಂಬಯಿ ಪ್ರಾಂತ್ಯ ಎಂದೇ ಇತ್ತು. ಮೇಷ್ಟ್ರು ಬ್ಲೇಡು ತೆಗೆದುಕೊಂಡು ಆ ಗಡಿಗೆರೆಯನ್ನು ಹೆರೆದರು. ಗೆರೆಯ ಜೊತೆ ಕಾಗದವೂ ಎದ್ದು ಬಂದು ಆ ಸೀಮೆಯಲ್ಲಿ ಗೋಡೆಯ ಸುಣ್ಣ ಕಾಣತೊಡಗಿತು. ಸರಕಾರಿ ನಕ್ಷೆಗೆ ತೂತು ಮಾಡಿದ್ದಕ್ಕೆ ಸಮಜಾಯಿಷಿ ಕೇಳಿದರು ಹೆಡ್ಮಾಸ್ಟರು. ಮೇಷ್ಟ್ರ ಉತ್ತರ: “ಗಡಿ ತೆಗೆದದ್ದು ಸರಕಾರ ಸಾರ್. ನಾನು ಬರೇ ಜಾರಿ ಮಾಡಿದೆ.” ಆಮೇಲೆ ದೊಡ್ಡ ಕಾಗದದ ಮೇಲೆ ತಾವೇ ಹೊಸ ಭಾರತದ ನಕ್ಷೆ ಬರೆದು ತೂತು ಮುಚ್ಚುವಂತೆ ತೂಗು ಹಾಕಿದರು. ಎಲ್ಲ ಎಲ್ಲೆಗಳೂ ಕಪ್ಪು ಮಸಿಯಲ್ಲಿ, ಬಡಗಲ ಎಲ್ಲೆ ಮಾತ್ರ ಪೆನ್ಸಿಲಿನಲ್ಲಿ. ಅದೇಕೆ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ಸ್‌ಪೆಕ್ಟರು ಶ್ರಾವಣ ಕಳೆದು ಬರುತ್ತಾರೆಂದು ಸುದ್ದಿ ಬಂತು. ಮೇಷ್ಟ್ರು ಒಂದು ಘನವಾದ ಪಾಠೋಪಕರಣಕ್ಕೆ ಕೈ ಹಾಕಿದರು. ಅಗ್ನಿಪರ್ವತ! ಶಾಲೆಯ ಹಿಂದೆ ಕೆಮ್ಮಣ್ಣು ಕಲಸಿ, ಆಳೆತ್ತರ ಏರಿಸಿ, ತುದಿಯಲ್ಲಿ ತೂತು ಬಿಟ್ಟರು. ಒಣಗಿದ ಮೇಲೆ ಅದರೊಳಗೆ ದೀಪಾವಳಿಯ ಮದ್ದು ತುಂಬಿ ಇನ್ಸ್‌ಪೆಕ್ಟರ ಎದುರಿಗೆ ಬೆಂಕಿ ಉಗುಳಿಸುವುದು ಎಂದು ಲೆಕ್ಕ. ನಡುವೆ ಒಂದು ರಜೆ ಬಂತು. ರಜೆ ಕಳೆದು ಹೋಗಿ ನೋಡುತ್ತೇವೆ, ಅಗ್ನಿಪರ್ವತಕ್ಕೆ ಅರಿಶಿನ ಕುಂಕುಮ, ಗೆಜ್ಜೆವಸ್ತ್ರ, ತೂತಿನ ತುಂಬ ಹಾಲು, ಸುತ್ತ ಅರಳು! ಆ ರಜೆ ನಾಗರಪಂಚಮಿಯದು. ಊರ ಹೆಂಗಸರು ಹೊಸ ಹುತ್ತ ಎದ್ದಿದೆ ಎಂದು ಸಾಲಾಗಿ ಬಂದು ತನಿ ಎರೆದಿದ್ದರು. ಮೊದಲು ಎರೆದವರು ಹೆಡ್ಮಾಸ್ಟರ ಮನೆಯವರು.

“ಇನ್ನು ಅದಕ್ಕೆ ಬೆಂಕಿ ಗಿಂಕಿ ಅಂದ್ರೆ ನಾನು ಈ ಊರಲ್ಲಿ ಇರಂಗಿಲ್ಲ ಕಣ್ರೀ ಮೇಷ್ಟ್ರೇ!” ಅಂದರು ಹೆಡ್ಮಾಸ್ಟರು.

“ಸಾರ್, ಅದು ವೆಸೂವಿಯಸ್.”

“ಯಾವ ದೇವರಾದರೇನ್ರೀ!”

ಅಗ್ನಿಪರ್ವತಕ್ಕೆ ಹಾಲೆರೆದ ಊರು ಭೂಮಂಡಲದಲ್ಲಿ ನಮ್ಮದೊಂದೇ ಇರಬೇಕು. ಆ ಜ್ವಾಲೆಗೆ ಆಸೆಪಟ್ಟಿದ್ದ ಮೇಷ್ಟ್ರು ಒಂದು ವಾರ ಮಂಕಾಗಿದ್ದರು.

ಅಂತೂ ಇನ್ಸ್‌ಪೆಕ್ಟರು ಬಂದರು. ಪೇಟ, ಕೋಟು, ಕೈಯಲ್ಲಿ ಬೆತ್ತ. ನಮ್ಮ ತರಗತಿಗೆ ಕಾಲಿಟ್ಟರು. ತರಗತಿಯಲ್ಲಿ ಇದ್ದ ಹುಡುಗಿಯರೇ ಇಬ್ಬರು, ಇನ್ಸ್‌ಪೆಕ್ಟರ ಕಣ್ಣು ನನ್ನ ಮೇಲೇ ಬೀಳಬೇಕೆ?

“ಹೇಳಮ್ಮ, ಭಾರತದ ಎಲ್ಲೆಗಳು ಯಾವುವು?”

ಇದಕ್ಕಿಂತ ಸುಲಭದ ಪ್ರಶ್ನೆ ಉಂಟೆ? ಎದ್ದು ನಿಂತು, ಕೈ ಕಟ್ಟಿ, ಸದರಿ ಭಾರತ ದೇಶಕ್ಕೆ ಎಂದು ಹಿಡಿದವಳು ಹಿಮಾಲಯ ಪರ್ವತ ಅದೂ ಖರಾಬು ಎನ್ನುವವರೆಗೆ ನಿಲ್ಲಲಿಲ್ಲ. ಮೇಷ್ಟ್ರ ಮುಖ ಅರಳಿತ್ತು. ಇನ್ಸ್‌ಪೆಕ್ಟರದು ಅರಳಿರಲಿಲ್ಲ.

“ಹಿಮಾಲಯ ಖರಾಬೇ? ದೇವತೆಗಳು ಇರುವ ಜಾಗ ಖರಾಬೇನ್ರೀ?”

“ಇರಬಹುದು ಸಾರ್. ಕಂದಾಯ ಕಟ್ಟೋರು ಯಾರೂ ಇಲ್ಲ.”

ಇನ್ಸ್‌ಪೆಕ್ಟರು ನಕ್ಷೆಯ ಹತ್ತಿರ ಹೋದರು. ಬೆತ್ತ ಬಡಗಲ ಎಲ್ಲೆಯ ಮೇಲೆ ನಿಂತಿತು. “ಇದೇಕೆ ಪೆನ್ಸಿಲಿನಲ್ಲಿದೆ?”

“ಅಲ್ಲಿ ಬಾಂದು ಕಲ್ಲು ನೆಟ್ಟಿಲ್ಲ ಸಾರ್. ಕಲ್ಲು ಇಲ್ದ ಎಲ್ಲೆ ನಮ್ಮ ಮನೇಲಿ ಮಸೀಲಿ ಬರೆಯೋ ಪದ್ಧತಿ ಇಲ್ಲ. ಮುಂದೆ ತಕರಾರು ಬರ್ತತಿ.”

“ಯಾರ್ರೀ ತಕರಾರು ಮಾಡುವವರು? ಬಡಗಲ ಕಡೆಯವರು ನಮಗೆ ಅಣ್ಣತಮ್ಮಂದಿರ ಹಾಗೆ!”

“ಅದಕ್ಕೇ ಸಾರ್ ಹೆದರಿಕೆ” ಅಂದರು ಮೇಷ್ಟ್ರು.

ಹಿಂದಿನ ಬೆಂಚಿನಲ್ಲಿ ದೊಡ್ಡಪ್ಪನ ಬದುವಿನ ಹುಡುಗ ಜೋರಾಗಿ ತಲೆಯಾಡಿಸಿದ.

ಪರಿಸ್ಥಿತಿ ಕೆಡುತ್ತಿದೆ ಎಂದು ಕಂಡ ಹೆಡ್ಮಾಸ್ಟರು ಓಡಿ ಹೋಗಿ ಗೋಳ ತಂದರು. ಪಂಚೆ ಬಿಚ್ಚಿ, ಧೂಳು ಊದಿ, ಮೇಜಿನ ಮೇಲಿಟ್ಟು, “ನಮ್ಮ ಶಾಲೆಯಲ್ಲಿ ಪಾಠೋಪಕರಣಗಳನ್ನು ಜೋಪಾನವಾಗಿ ಬಳಸ್ತೀವಿ ಸಾರ್” ಅಂದರು. ಇನ್ಸ್‌ಪೆಕ್ಟರು ಪ್ರಸನ್ನರಾಗಿ ಒಂದು ಬೆರಳಿನಿಂದ ಭೂಮಿಯನ್ನು ತಿರುಗಿಸಿದರು. ಅದು ತಿರುಗಲಿಲ್ಲ. ಬಲವಾಗಿ ತಿರುಗಿಸಿದರು. ತುಕ್ಕು ತಿಂದಿದ್ದ ಅಚ್ಚು ಪಟ್ಟೆಂದು ಮುರಿದು ಭೂಮಿ ಮೇಜಿನಿಂದ ಹಾರಿತು! ನೆಲಕ್ಕೆ ಬಿತ್ತು, ಹೊಸ್ತಿಲು ದಾಟಿತು, ಮೆಟ್ಟಿಲಿಳಿಯಿತು. “ಭೂಮಿ ಹಿಡೀರೋ! ಭೂಮಿ ಹಿಡೀರೋ!” ಎಂದು ಹೆಡ್ಮಾಸ್ಟರು ಅದರ ಹಿಂದೆ. ಅದು ಶಾಲೆಯ ಹಿಂದಿನ ಇಳಿಜಾರಿನಲ್ಲಿ ಉರುಳಿ ಹೋಗಿ ನಮ್ಮ ವೆಸೂವಿಯಸ್ಸಿನ ಪಾದಕ್ಕೆ ಬಡಿದು ನಿಂತಿತು. ಎತ್ತಿ ನೋಡಿದರೆ ಆಸ್ಟ್ರೇಲಿಯಾ ಪೂರ್ತಿ ಒಳಕ್ಕೆ ಹೋಗಿತ್ತು.

“ಗೋಮಾಳ ಹೋಯ್ತು” ಎಂದು ಮೇಷ್ಟ್ರು ಮೆಲ್ಲಗೆ ಹೇಳಿದ್ದು ಮುಂದಿನ ಬೆಂಚಿನವರಿಗೆಲ್ಲ ಕೇಳಿಸಿತು. ಇನ್ಸ್‌ಪೆಕ್ಟರಿಗೂ ಕೇಳಿಸಿತು.

ವರದಿ ಬಂತು. ಗೋಳವನ್ನು ಬೀರುವಿನಲ್ಲಿ ಬಂಧಿಸಿಟ್ಟವರ ಬಗ್ಗೆ ಮಾತಿಲ್ಲ. ಮುರಿದವರ ಬಗ್ಗೆ ಮಾತು ಇರುವ ಹಾಗೇ ಇಲ್ಲ, ಅವರೇ ಬರೆಯುವವರು! ಇದ್ದದ್ದು ಇಷ್ಟೇ: ‘ಸದರಿ ಶಿಕ್ಷಕರಿಗೆ ಪಾಠೋಪಕರಣಗಳ ಬಳಕೆ ತಿಳಿಯದು. ಮುಂದುವರಿಸುವ ಅಗತ್ಯ ಕಾಣುವುದಿಲ್ಲ.’

ಮೇಷ್ಟ್ರು ಅದನ್ನು ನಮಗೆ ತಾವೇ ಓದಿ ಹೇಳಿದರು. “ಸದರಿ ಅಂತ ಬರೆದಾರೆ ನೋಡ್ರಪ! ಅಂತೂ ಅವರಿಗೂ ನಮ್ಮ ಭಾಷೆ ಬಂತು” ಎಂದು ನಕ್ಕರು. ನಾವು ನಗಲಿಲ್ಲ.

ಅವರು ಹೊರಡುವ ದಿನ ಇಡೀ ತರಗತಿ ಬಸ್ ಸ್ಟ್ಯಾಂಡಿಗೆ ಹೋದೆವು. ಒಂದು ಟ್ರಂಕು, ಅದರ ಮೇಲೆ ಸೈಕಲ್ ಪಂಪು, ಒಂದು ಚಕ್ಕೋತ. ಆನವಟ್ಟಿಯ ಹುಡುಗಿಯನ್ನು ಸೊಸೈಟಿಯ ಗುಮಾಸ್ತನೊಬ್ಬನಿಗೆ ಗೊತ್ತು ಮಾಡಿದ್ದಾರೆ ಎಂಬ ಸುದ್ದಿ ಅದಾಗಲೇ ಊರಲ್ಲಿ ಹರಡಿತ್ತು. ಗುಮಾಸ್ತ ಖಾಯಂ. ಎಲ್ಲರೂ ಚಕ್ಕೋತವನ್ನೇ ನೋಡುತ್ತಿದ್ದೆವು.

ಶಿಕಾರಿಪುರದ ಬಸ್ಸು ಬಂದು ನಿಂತಿತು. ಟ್ರಂಕಿಗೆ ಕೈ ಹಾಕಿದ ಮೇಷ್ಟ್ರು ನನ್ನ ಕಡೆ ತಿರುಗಿದರು.

“ಏನವ್ವ ಹೊಸಬಾಳೆ, ಇನ್ಸ್‌ಪೆಕ್ಟರ ಮುಂದೆ ಅಷ್ಟು ಚಂದ ಹೇಳ್ದಾಕಿ! ಕೊನೇ ಪ್ರಶ್ನೆ. ಸದರಿ ಹಂಗಾಮಿ ಮೇಷ್ಟ್ರಿಗೆ ಚಕ್ಕುಬಂದಿ ಹೇಳು ನೋಡಾಣ.”

ತಮಾಷೆಗೇ ಕೇಳಿದ್ದು. ನಾನು ಸುತ್ತ ನೋಡಿದೆ.

“ಮೂಡಲಿಗೆ ನಾವು ಸಾರ್” ಅಂದೆ. “ಪಡುವಲಿಗೆ ನಾವು. ತೆಂಕಲಿಗೆ ನಾವು…”

ಬಡಗಲಿಗೆ ಬಸ್ಸಿತ್ತು.

ಆಗ ಹಿಂದಿನಿಂದ ನಮ್ಮ ಮೂಗ ನಮ್ಮನ್ನೆಲ್ಲ ಸರಿಸಿಕೊಂಡು ಬಂದ. ಮೇಷ್ಟ್ರಿಗೂ ಬಸ್ಸಿಗೂ ನಡುವೆ ಹೋಗಿ, ಕಾಲು ಅಗಲಿಸಿ, ನೆಟ್ಟ ಹಾಗೆ ನಿಂತ.

“ಬಡಗಲಿಗೂ ನಾವೇ ಸಾರ್. ಬಾಂದು ಕಲ್ಲು ನೆಟ್ಟಾಗಿದೆ.”

ಕಂಡಕ್ಟರು ಸೀಟಿ ಊದುತ್ತಲೇ ಇದ್ದ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

“ಸರಿ ಐತಿ” ಅಂದರು. “ಇದನ್ನ ಮಸೀಲೇ ಬರಕಳ್ರಪ.”