ಮಾತು ಬಿಟ್ಟವರ ಕಂಪ್ಯೂಟರು

ಸ್ವಲ್ಪ ಹತ್ತಿರ ಬನ್ನಿ, ಇದು ಜೋರಾಗಿ ಹೇಳೋ ವಿಷಯ ಅಲ್ಲ. ಪಕ್ಕದ ಮನೆಗೂ ನಮ್ಮನೆಗೂ ನಡುವೆ ಇರೋದು ಒಂದೇ ಗೋಡೆ, ಅದೂ ತೆಳ್ಳಂದು. ಒಂದು ಕಿವೀಲಿ ಕೇಳಿದ್ದನ್ನ ಇನ್ನೊಂದು ಕಿವೀಲಿ ಬಿಡಬೇಡಿ, ಒಳಗೇ ಇಟ್ಕೊಳ್ಳಿ. ನಾನಂತೂ ಯಾರಿಗೂ ಹೇಳಿಲ್ಲ. ಹಾಲಿನೋಳಿಗೆ ಹೇಳಿದ್ದೆ, ಅವಳು ಒಳ್ಳೇಳು. ಹೂವಿನೋಳಿಗೆ ಅರ್ಧ ಹೇಳಿದ್ದೆ, ಮಿಕ್ಕರ್ಧ ಅವಳಿಗೇ ಗೊತ್ತಿತ್ತು.

ಈ ರಾಜಗೋಪಾಲನಗರಕ್ಕೆ ನಾನು ಸೊಸೆಯಾಗಿ ಬಂದಾಗ ಸುತ್ತ ರಾಗಿ ಹೊಲ. ಈಗ ಹೊಲದ ಮೇಲೆ ಶೆಡ್ಡು, ಶೆಡ್ಡಿನ ಪಕ್ಕ ಮನೆ, ಮನೆ ಮೇಲೆ ಮನೆ. ಗಂಡ ಹೆಂಡಿರ ಜಗಳ ನೋಡೀ ನೋಡೀ ನನಗೆ ಸಾಕಾಗಿ ಹೋಗಿದೆ. ಕುಡಿದು ಬಂದು ಆಡೋ ಜಗಳ, ಅತ್ತೆಗೋಸ್ಕರ ಆಡೋ ಜಗಳ, ನೀರಿನ ಜಗಳ, ಎಲ್ಲ ಒಂದೇ ಥರ. ಮೊದಲ ಮಾತು ಕಿವಿಗೆ ಬಿದ್ದರೆ ಕೊನೇ ಮಾತು ಏನು ಅಂತ ನಾನೇ ಹೇಳಿಬಿಡ್ತೀನಿ. ಕಂಪ್ಯೂಟರಲ್ಲಿ ಆಡೋ ಜಗಳ ಮಾತ್ರ ಇದೇ ಮೊದಲು ನೋಡಿದ್ದು. ಬೇಡ ಅಂದ್ರೂ ಇಂಥವೆಲ್ಲ ನನ್ನ ಕಣ್ಣಿಗೇ ಬಂದು ಬೀಳ್ತವೆ, ಏನು ಮಾಡ್ಲಿ.

೧. ಅಲ್ಲೇ ಇತ್ತು

ಪಕ್ಕದ ಮನೆಯಾತ ಪೀಣ್ಯದ ಒಂದು ಕಾರ್ಖಾನೇಲಿ ಸ್ಟೋರ್ಸ್ ನೋಡ್ಕೊಳ್ತಾನೆ. ಆಕೆ ಮನೇಲೇ ಕೂತು ಬ್ಲೌಸಿಗೆ ಆರಿ ವರ್ಕ್ ಅಂತ ಸೂಜಿ ಕಸೂತಿ ಹಾಕ್ತಾಳೆ. ಒಬ್ಬಳೇ ಮಗಳು, ಗಂಡು ಹುಡುಕ್ತಾ ಇದ್ದರು. ದಾವಣಗೆರೆ ಕಡೆಯವರು, ಮರ್ಯಾದಸ್ತರು, ದನಿ ಎತ್ತಿದವರಲ್ಲ. ಅದಕ್ಕೇ ಬಹಳ ಕಾಲ ಆ ಮನೆಯಿಂದ ನನಗೆ ಏನೂ ಪ್ರಯೋಜನ ಇರಲಿಲ್ಲ.

ಕಾರ್ಖಾನೇಲಿ ಹಳೇದಾಯ್ತು ಅಂತ ಬಿಟ್ಟ ಕಂಪ್ಯೂಟರನ್ನ ಆತ ಮನೆಗೆ ತಂದು ಹಾಲಲ್ಲಿ ಇಟ್ಟ. ಆಕೆ ಅದರೊಳಗೆ ತನ್ನ ಡಿಸೈನಿನ ಫೋಟೋ ಎಲ್ಲ ತುಂಬಿಟ್ಟಳು. ನವಿಲು, ಮಾವಿನಕಾಯಿ, ಬಳ್ಳಿ, ಗಿರಾಕಿ ಬಂದರೆ ಅದನ್ನೇ ತೋರಿಸೋದು. ಈತ ಸುಮ್ನಿರಬೇಕಲ್ಲ. ಮೊಬೈಲಲ್ಲಿ ವಿಡಿಯೋ ನೋಡಿ ಅದ್ಯಾವುದೋ ಸಾಫ್ಟ್‌ವೇರ್ ಇಳಿಸ್ಕೊಂಡ. ಕಂಪ್ಯೂಟರ್ ಮಾಡಿದವರು ಏನೇನೋ ಸೆಟ್ಟಿಂಗ್ ಒಳಗಿಟ್ಟು ನಮ್ಮ ಕಣ್ಣಿಗೆ ಕಾಣದಂಗೆ ಮುಚ್ಚಿರ್ತಾರಂತೆ, ಇದು ಅದನ್ನೆಲ್ಲ ಹೊರಗೆ ಎಳೆದು ಹಾಕ್ತದಂತೆ. ಅತ್ತೆ ಅಟ್ಟದ ಮೇಲೆ ಬಚ್ಚಿಟ್ಟ ಬೆಲ್ಲದ ಡಬ್ಬಿಯನ್ನ ಸೊಸೆ ಹುಡುಕಿ ತೆಗೆದಂಗೆ ಅನ್ಕೊಳ್ಳಿ. ಬೇಕಾದ್ದನ್ನ ಕಾಣಿಸಬಹುದು, ಬೇಡದ್ದನ್ನ ಮಾಯ ಮಾಡಬಹುದು. ಗಂಡಸಿನ ಕೈಗೆ ಇಂಥದು ಸಿಕ್ಕರೆ ಮೊದಲು ಮಾಯ ಆಗೋದು ಹೆಂಡತಿ ಸಾಮಾನೇ.

ಬಾಮೈದ ಬಂದಿದ್ದಾಗ ಜಂಬ ತೋರಿಸೋಕೆ ಹೋಗಿ, ಆಕೆಯ ಡಿಸೈನ್ ಫೋಟೋ ಇದ್ದ ಭಾಗವನ್ನೇ ಮಾಯ ಮಾಡಿದ. ಮತ್ತೆ ಕಾಣಿಸೋದು ಮರೆತು ಕೆಲಸಕ್ಕೆ ಹೋದ. ಆಕೆ ಬಂದು ನೋಡ್ತಾಳೆ, ಒಂದು ನವಿಲೂ ಇಲ್ಲ. ಅಳ್ತಾ ಕೂತಳು. ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಹಳೇ ಬ್ಲೌಸ್ ಒಂದ್ಸಲ ತಂದು ತೋರಿಸ್ರಮ್ಮ ಅಂತ ಬೇಡ್ಕೊಂಡಳು. ಪೆನ್ಸಿಲ್ ಹಿಡಿದು ಒಂದೊಂದನ್ನೇ ಮತ್ತೆ ಬರೆಯೋಕೆ ಕೂತಳು. ವಾರ ಕಳೆದ ಮೇಲೆ ಆತನಿಗೆ ನೆನಪಾಯ್ತು. ಮಗುವಿನ ಜತೆ ಕಣ್ಣಾಮುಚ್ಚಾಲೆ ಆಡಿದವನ ಹಾಗೆ ನಕ್ಕು, "ಎಲ್ಲೂ ಹೋಗಿಲ್ಲ ಕಣೇ, ಅಲ್ಲೇ ಇತ್ತು" ಅಂದ.

ಅವತ್ತಿಂದ ಆಕೆ ಮಾತು ಬಿಟ್ಟಳು. ಆಕೆಯೂ ಎಲ್ಲೂ ಹೋಗಲಿಲ್ಲ, ಅಲ್ಲೇ ಇದ್ದಳು. ಮಾತು ಮಾತ್ರ ಮಾಯ.

೨. ನನ್ನ ಕೆಲಸ ಹೋಯ್ತು

ಮಗಳಿಗೆ ಗಂಡು ನೋಡೋ ಕಾಲ. ಅಪ್ಪ ಅಮ್ಮ ಮಾತು ಬಿಟ್ಟವರೆ ಅಂತ ಆಚೆ ಗೊತ್ತಾದರೆ ಯಾರು ಸಂಬಂಧ ಬೆಳೆಸ್ತಾರೆ? ತಾಯಿ ಥರಾನೇ ಮಗಳು, ನಾಳೆ ನಮ್ಮನೇಲೂ ಹಿಂಗೇ ಬಾಯಿ ಹೊಲ್ಕೊಂಡು ಕೂತರೆ ಅಂತ ಹೆದರ್ತಾರೆ. ಆಗಲೇ ಒಂದು ಸಂಬಂಧ ಇದೇ ಪುಕಾರಿಗೆ ತಪ್ಪಿತ್ತು. ಯಾರು ಹೇಳಿದರೋ ಏನೋ, ನನ್ನ ಮುಖ ನೋಡಬೇಡಿ.

ಹಂಗಾಗಿ ವಿಷಯ ಬೀದಿಗೆ ಬೀಳದಂಗೆ ಇಬ್ಬರೂ ನೋಡ್ಕೊಂಡರು. ಆದರೆ ಸಂಸಾರ ಅಂದ ಮೇಲೆ ಗ್ಯಾಸು, ನೀರು, ಅಕ್ಕಿ, ಏನಾದರೂ ಹೇಳಲೇಬೇಕಲ್ಲ. ಅದಕ್ಕೆ ನಾನಿದ್ದೆ. ಆಕೆ ಗೋಡೆ ಆ ಕಡೆಯಿಂದ ಕರೆದು, ಗ್ಯಾಸ್ ಮುಗೀತು ಅಂತ ಇವರಿಗೆ ಹೇಳಿ ಅನ್ನೋಳು. ಬರೀ ಅಷ್ಟನ್ನೇ ಒಯ್ದು ಕೊಟ್ಟರೆ ರುಚಿ ಇರ್ತದಾ? ಒಗ್ಗರಣೆ ಬೇಡವಾ? ಗ್ಯಾಸ್ ಮುಗೀತಂತೆ ಕಣಪ್ಪ, ನಿನ್ನ ಜತೆ ಏಗಿ ಏಗಿ ಆಕೆಗೂ ಮುಗೀತಂತೆ ಅಂತ ಹೇಳ್ತಿದ್ದೆ. ಆತ ಬುಕ್ ಮಾಡ್ತೀನಿ ಅಂದರೆ, ಮಾಡ್ತಾನಂತೆ, ಉಪಕಾರ ಅಂತ ತಿಳ್ಕೋಬೇಕಂತೆ ಅಂತ ಇತ್ತ ಮುಟ್ಟಿಸ್ತಿದ್ದೆ. ಚೆನ್ನಾಗಿ ನಡೀತಿತ್ತು.

ಅಷ್ಟರಲ್ಲಿ ಆ ಸಾಫ್ಟ್‌ವೇರಲ್ಲಿ ಆತನಿಗೆ ಇನ್ನೊಂದು ಮುಚ್ಚಿಟ್ಟ ಸೆಟ್ಟಿಂಗ್ ಸಿಕ್ತು. ಕಂಪ್ಯೂಟರ್ ಹಾಕಿದ ತಕ್ಷಣ, ಒಳಗೆ ಬಿಡೋಕೆ ಮೊದಲು, ನಾವು ಬರೆದಿಟ್ಟ ಸೂಚನೆ ದೊಡ್ಡದಾಗಿ ಎದುರಿಗೆ ಬರ್ತದೆ. ಓದಿ ಓಕೆ ಒತ್ತಿದರೇನೇ ಮುಂದೆ ದಾರಿ. ದೊಡ್ಡ ಕಂಪನಿಗಳಲ್ಲಿ ಕೆಲಸದವರನ್ನ ಹೆದರಿಸೋಕೆ ಇಟ್ಟಿರೋದಂತೆ. ಆಕೆ ದಿನಾ ಬೆಳಿಗ್ಗೆ ಡಿಸೈನ್ ನೋಡೋಕೆ ಕಂಪ್ಯೂಟರ್ ಹಾಕಲೇಬೇಕು. ಒಂದು ದಿನ ಹಾಕ್ತಾಳೆ, ಅದರಲ್ಲಿ ಸೂಚನೆ: ಗ್ಯಾಸ್ ಬುಕ್ ಆಗಿದೆ. ಇನ್ನು ಮುಂದೆ ಯಾವ ವಿಷಯವೂ ಮೂರನೆಯವರ ಮೂಲಕ ಬೇಡ.

ಮೂರನೆಯವರು ಅಂದರೆ ನಾನು. ಪೀಣ್ಯದಲ್ಲಿ ಯಂತ್ರ ಬಂದು ಎಷ್ಟೋ ಜನರ ಕೆಲಸ ಹೋಯ್ತು ಅಂತ ಕೇಳಿದ್ದೆ. ನನ್ನದೂ ಹೋಗ್ತದೆ ಅಂತ ಕನಸಲ್ಲೂ ಅನ್ಕೊಂಡಿರಲಿಲ್ಲ.

೩. ಶಿಫ್ಟು ತಪ್ಪಿದ್ದು

ಆಕೆ ದಡ್ಡಿ ಅಲ್ಲ. ಗಂಡ ನೋಡಿದ ವಿಡಿಯೋನೇ ತಾನೂ ನೋಡಿ, ಅದೇ ಸಾಫ್ಟ್‌ವೇರ್ ತೆಗೆದು, ಕಂಪ್ಯೂಟರ್ ಆಫ್ ಮಾಡೋ ಬಟನ್ನನ್ನೇ ಮಾಯ ಮಾಡಿದಳು. ಸ್ಟೋರ್ಸ್ ಮನುಷ್ಯ ನೋಡಿ, ಎಲ್ಲ ಕ್ರಮವಾಗಿ ಆಗಬೇಕು. ಪ್ಲಗ್ ಕಿತ್ತರೆ ಯಂತ್ರ ಕೆಡ್ತದೆ ಅಂತ ಕೀಳಲ್ಲ, ಹಂಗೇ ಬಿಟ್ಟು ಹೋಗೋಕೂ ಮನಸ್ಸಿಲ್ಲ. ಮಧ್ಯಾಹ್ನದ ಶಿಫ್ಟಿಗೆ ಬೂಟು ಹಾಕ್ಕೊಂಡು, ಊಟದ ಡಬ್ಬಿ ತೊಡೆ ಮೇಲಿಟ್ಕೊಂಡು ಹುಡುಕಿದ್ದೇ ಹುಡುಕಿದ್ದು. ಕಂಪನಿ ವ್ಯಾನು ಹಾರ್ನ್ ಹೊಡೆದು ಹೊಡೆದು ಹೋಯ್ತು, ಆ ಸದ್ದಿಗೆ ನಾನೂ ಅವರ ಬಾಗಿಲಿಗೆ ಹೋಗಿ ನಿಂತೆ. ಕೊನೆಗೆ ಸೋತು, ಎಲ್ಲಿ ಹೋಯ್ತು ಅಂತ ಗೋಡೆಗೆ ಕೇಳಿದ. ಹೆಂಡತಿಗೆ ಕೇಳಿದ್ದಲ್ಲ, ಗೋಡೆಗೆ.

ಆಕೆ ಅಡುಗೆಮನೆಯಿಂದ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದಳು. "ಎಲ್ಲೂ ಹೋಗಿಲ್ಲ, ಅಲ್ಲೇ ಇದೆ ಅಂತ ಹೇಳಿ ಅಜ್ಜಿ."

ಬಹಳ ದಿನದ ಮೇಲೆ ಕೆಲಸ ಸಿಕ್ಕಿತ್ತು. ಒಗ್ಗರಣೆ ಹಾಕದೇ ಹಂಗೇ ಕೊಟ್ಟೆ. ಅದಕ್ಕೆ ಬೇಕಾಗಿರಲಿಲ್ಲ.

೪. ತವರುಮನೆ ಡಬ್ಬಿ

ಆಮೇಲೆ ದಿನಾ ಹೋಗಿ ಕೂರೋಕೆ ಶುರು ಮಾಡಿದೆ. ಅವರೆಕಾಯಿ ಕಾಲ, ನಮ್ಮನೇಲಿ ಬೆಳಕು ಸಾಲದು ಕಣಮ್ಮ ಅಂತ ಮೊರ ಹಿಡ್ಕೊಂಡು ಹೋಗಿ ಕಂಪ್ಯೂಟರಿನ ಎದುರಿಗೇ ಕಾಯಿ ಬಿಡಿಸ್ತಿದ್ದೆ. ಎರಡನೇ ಕ್ಲಾಸಿನ ಓದು ನನ್ನದು. ಬಸ್ಸಿನ ಬೋರ್ಡನ್ನ ಕೂಡಿಸಿ ಓದೋ ಹೊತ್ತಿಗೆ ಬಸ್ಸೇ ಹೋಗಿರ್ತದೆ. ಆದರೆ ಈ ಸೂಚನೆ ನಿಂತ ಕಡೆ ನಿಂತಿರ್ತದೆ. ಆಕೆ ಸಿಟ್ಟಲ್ಲಿ ಅದನ್ನೇ ದಿಟ್ಟಿಸಿ ಕೂತಷ್ಟೂ ನನಗೆ ಅನುಕೂಲ.

ಕಂಪ್ಯೂಟರಲ್ಲಿ ಬೇಡದ್ದನ್ನ ಎಸೆಯೋಕೆ ಒಂದು ಕಸದ ಡಬ್ಬಿ ಇರ್ತದಂತೆ. ಶಿಫ್ಟು ತಪ್ಪಿದ ಸಿಟ್ಟಿಗೆ ಆತ ಆ ಡಬ್ಬಿಯ ಹೆಸರು ಅಳಿಸಿ 'ತವರುಮನೆ' ಅಂತ ಇಟ್ಟ. ಹೆಂಗಸಿಗೆ ಏನು ಬೇಕಾದರೂ ಅನ್ನಿ, ತವರಿನ ಸುದ್ದಿಗೆ ಹೋಗಬಾರದು. ಆಕೆ ಅದನ್ನ ಒರೆಸಿ 'ಅತ್ತೆಮನೆ' ಅಂತ ಬರೆದಳು. ಜತೆಗೆ ಸೂಚನೆ ಹಾಕಿದಳು: ತವರಿಗೆ ಹೋದದ್ದು ವಾಪಸ್ ಬರುತ್ತದೆ. ಈ ಡಬ್ಬಿಗೆ ಬಿದ್ದದ್ದು ಬರುವುದಿಲ್ಲ.

ಈ ಮಾತಿಗೆ ಎಂಥ ಗಂಡಸಾದರೂ ಕರಗಬೇಕು. ಮಾರನೇ ದಿನ ಆತನ ಉತ್ತರ ಬಂತು: ತಪ್ಪು ತಿಳುವಳಿಕೆ. ಈ ಡಬ್ಬಿಯಿಂದಲೂ ವಾಪಸ್ ತರಬಹುದು. ರೈಟ್ ಕ್ಲಿಕ್ ಮಾಡಿ ನೋಡು.

ಹೆಂಡತಿ ಹೊಟ್ಟೆ ಉರಿ ತೋಡ್ಕೊಂಡರೆ ಈತ ಡಬ್ಬಿ ವಿಷಯ ತಿದ್ದುತಾನೆ. ಆಕೆ ಸೆರಗಲ್ಲಿ ಮೂಗು ಒರೆಸ್ಕೊಂಡು ಓಕೆ ಒತ್ತಿದಳು. ನನಗೂ ಸಾಕಾಯ್ತು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿದೆ, "ಬಾಯಲ್ಲೇ ಬೈದಾಡ್ಕೊಳ್ರಪ್ಪಾ. ಹಿಂಗೆ ಬರ್ಕೊಂಡು ಕೂತ್ರೆ ಓದೋಕೆ ನನ್ನ ಕಣ್ಣು ಸಾಲ್ತಿಲ್ಲ."

೫. ಗಂಡಿನ ಕಡೆಯವರು ಬಂದದ್ದು

ಹಿಂಗಿರುವಾಗ ಒಂದು ಒಳ್ಳೇ ಸಂಬಂಧ ಬಂತು. ಹುಡುಗ ಬೆಳ್ಳಂದೂರಲ್ಲಿ ಸಾಫ್ಟ್‌ವೇರ್ ಕೆಲಸದವನು. ಫೋಟೋ ನೋಡಿ, ಫೋನಲ್ಲಿ ಮಾತಾಡಿ, ಮಗಳ ಮನಸ್ಸಿಗೂ ಬಂದಿತ್ತು. ಅವರು ಬರೋ ಹಿಂದಿನ ದಿನ ಆ ಹುಡುಗಿ ನಮ್ಮನೆ ಬಾಗಿಲಿಗೆ ಬಂದು ಕೈ ಮುಗಿದಳು. "ಅಜ್ಜಿ, ಅಪ್ಪ ಅಮ್ಮನ ವಿಷಯ ನಾಳೆ ಒಂದಿನ ಎತ್ತಬೇಡಿ. ಇದೂ ತಪ್ಪಿದ್ರೆ ನಾನು ಇನ್ನೊಬ್ಬರ ಮುಂದೆ ಕಾಫಿ ಹಿಡ್ಕೊಂಡು ಬರೋಳಲ್ಲ." ಗ್ರಾಮದೇವತೆ ಮೇಲೆ ಆಣೆ ಹಾಕಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದೆ, ಭಾನುವಾರ ಬಾಯಿ ತುಂಬ ಎಲೆ ಅಡಿಕೆ ತುಂಬ್ಕೊಂಡು ಹೋಗಿ ಮೂಲೇಲಿ ಕೂತೆ.

ಹುಡುಗ, ಅವನ ಅಪ್ಪ, ಅಮ್ಮ ಬಂದರು. ಗಂಡ ಹೆಂಡತಿ ಒಂದೇ ಸೋಫಾದಲ್ಲಿ, ನಡುವೆ ಒಂದು ದಿಂಬು ಇಟ್ಕೊಂಡು ನಗ್ತಾ ಕೂತರು. ಕೇಸರಿಬಾತು ಆಯ್ತು, ಉಪ್ಪಿಟ್ಟು ಆಯ್ತು. ಅಷ್ಟರಲ್ಲಿ ಹುಡುಗನ ತಾಯಿ ನೇರ ನನ್ನ ಕಡೆ ತಿರುಗಿ, ಪಕ್ಕದಲ್ಲೇ ಇದ್ದೀರಿ, ಇವರು ಹೆಂಗೆ ಅಂತ ಕೇಳಿಬಿಡಬೇಕಾ. ಬಡಿಸ್ತಿದ್ದ ಹುಡುಗಿ ತಾಯಿಯ ಕೈಯಲ್ಲಿ ಸೌಟು ನಿಂತಿತು. ಹುಡುಗಿ ಅಡುಗೆಮನೆ ಬಾಗಿಲಲ್ಲಿ ಕಣ್ಣು ಮುಚ್ಕೊಂಡಳು. ನಾನು ಎಲೆ ಅಡಿಕೆ ರಸವನ್ನೆಲ್ಲ ನುಂಗಿ ಹೇಳಿದೆ, "ಈ ಮನೆಯಿಂದ ಒಂದು ಜೋರು ಮಾತು ಕೇಳಿದೋಳಲ್ಲ ಕಣವ್ವ ನಾನು." ಸುಳ್ಳೇನಲ್ಲವಲ್ಲ.

ಎಲ್ಲರಿಗೂ ಉಸಿರು ಬಂತು. ಆತನಿಗೆ ಸ್ವಲ್ಪ ಜಾಸ್ತೀನೇ ಬಂತು. ಅಳಿಯ ಆಗೋನು ಸಾಫ್ಟ್‌ವೇರಿನವನು, ತನ್ನ ವಿದ್ಯೆ ತೋರಿಸದೆ ಬಿಡ್ತಾನಾ? ನಿಮ್ಮ ಆಫೀಸಲ್ಲೂ ಗೊತ್ತಿರದ ಒಂದು ಸಾಫ್ಟ್‌ವೇರ್ ತೋರಿಸ್ತೀನಿ, ಕಂಪ್ಯೂಟರ್ ಹಾಕಿರಿ, ತಾಂಬೂಲದ ತಟ್ಟೆ ತಗೊಂಡು ಬಂದೆ ಅಂತ ದೇವರ ಮನೆಗೆ ಹೋದ.

ಹುಡುಗ ಹಾಕಿದ. ಎದುರಿಗೆ ದೊಡ್ಡ ಅಕ್ಷರದಲ್ಲಿ ಒಂದು ಸೂಚನೆ ಬಂತು. ಅವನಪ್ಪ ಕನ್ನಡಕ ತಂದಿರಲಿಲ್ಲ. ಅದೇನದು ಬರೆದಿರೋದು, ಓದು ಅಂದ. ಹುಡುಗ ತಡವರಿಸಿದ. ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದೇ ತಪ್ಪಾಯ್ತು, ನಾಲ್ಕಕ್ಷರ ಕನ್ನಡ ಓದೋಕೆ ಬರಲ್ಲ ಅಂತ ಅವನಪ್ಪ ಎಲ್ಲರ ಮುಂದೆ ಹಂಗಿಸಿದ. ಹುಡುಗನಿಗೆ ರೋಷ ಬಂದು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದ.

"ಸೂಚನೆ. ಇಂದು ಗಂಡಿನ ಕಡೆಯವರು ಬಂದಾಗ ಪಕ್ಕದ ಮನೆ ಅಜ್ಜಿಯನ್ನು ಕರೆಯಬೇಡ. ನಾವಿಬ್ಬರೂ ಮಾತು ಬಿಟ್ಟಿರುವ ವಿಷಯ ಆಕೆಯ ಬಾಯಿಂದ ಹೊರಗೆ ಬೀಳುತ್ತದೆ. ಓದಿದ ಮೇಲೆ ಅಳಿಸು."

ನಾನಂತೂ ಅಡಿಕೆ ಅಗಿಯೋದನ್ನೂ ನಿಲ್ಲಿಸಿದೆ. ಆತ ತಾಂಬೂಲದ ತಟ್ಟೆ ಹಿಡ್ಕೊಂಡು ನಗುನಗುತ್ತಾ ಬಂದ. ಆಕೆ ಆತನ ಎದುರಿಗೆ ಬಂದು ನಿಂತಳು.

"ಓದಿದ ಮೇಲೆ ಅಳಿಸು ಅಂತೀರಲ್ಲ, ಬೆಳಿಗ್ಗೆಯಿಂದ ಒಲೆ ಮುಂದೆ ನಿಂತವಳಿಗೆ ಓದೋಕೆ ಪುರುಸೊತ್ತೆಲ್ಲಿತ್ತು? ನೀವು ಅಳಿಸೋಕೆ ಏನಾಗಿತ್ತು?"

"ನೀನು ಓದಿ ಅಳಿಸಿರ್ತೀಯ ಅನ್ಕೊಂಡೆ ಕಣೇ."

"ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಹೇಳಿದ್ರೆ ಕೇಳ್ತಿದ್ಯಾ ನೀನು?"

ಅಲ್ಲಿಂದ ಶುರುವಾಯ್ತು. ನವಿಲು ಬಂತು, ಬಾಮೈದ ಬಂದ, ತಪ್ಪಿದ ಶಿಫ್ಟು ಬಂತು, ತವರುಮನೆ ಡಬ್ಬಿ ಬಂತು. ಕೂಡಿಟ್ಟ ಮಾತೆಲ್ಲ ಕಟ್ಟೆ ಒಡೆದ ಕೆರೆ ಥರ ಹರೀತು. ಆತ ತಾಂಬೂಲದ ತಟ್ಟೆ ಹಿಡಿದೇ ಉತ್ತರ ಕೊಡ್ತಿದ್ದ. ಹುಡುಗ ಮೆಲ್ಲಗೆ ಓಕೆ ಒತ್ತಿ ಹುಡುಗಿಯನ್ನ ಕರೆದ. ಇಬ್ಬರೂ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ನವಿಲು ನೋಡ್ತಾ ನಗು ತಡ್ಕೊಳ್ತಿದ್ದರು. ಹುಡುಗನ ತಾಯಿ ಬಹಳ ಹೊತ್ತು ಕೇಳಿಸ್ಕೊಂಡು ತನ್ನ ಗಂಡನಿಗೆ ಹೇಳಿದಳು, "ಇವರು ಮಾತು ಬಿಟ್ಟಿದ್ದಾರೆ ಅಂತ ಯಾರ್ರೀ ಬರೆದಿದ್ದು? ನಾವಿಬ್ಬರು ಒಂದು ವರ್ಷಕ್ಕೆ ಇಷ್ಟು ಮಾತಾಡಲ್ಲ." ಹೇಳಿ ಇನ್ನೊಂದು ಚಮಚ ಕೇಸರಿಬಾತು ಹಾಕಿಸ್ಕೊಂಡಳು. ಸಂಬಂಧ ಅಲ್ಲೇ ಗಟ್ಟಿಯಾಯ್ತು.

ಅವರೆಲ್ಲ ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ನನ್ನ ಬಾಯಿ ಮೇಲೆ ಅಷ್ಟು ಅನುಮಾನ ಪಟ್ಟು ಬರೆದಿಟ್ಟಿರಲ್ಲ, ಹುಡುಗನ ತಾಯಿ ನೇರ ನನ್ನನ್ನೇ ಕೇಳಿದರೂ ಒಂದಕ್ಷರ ಆಡಿದ್ನಾ ಹೇಳು ಅಂತ ಕೇಳಿದೆ.

ಆಕೆ ತಟ್ಟೆ ಜೋಡಿಸ್ತಿದ್ದಳು. ಸುಸ್ತಾಗಿದ್ದಳು. ಕೈ ಒರೆಸ್ಕೊಂಡು ನನ್ನ ಮುಖ ನೋಡಿದಳು.

"ಆಡಬೇಕಿತ್ತು ಅಜ್ಜಿ. ನಿಮ್ಮ ಬಾಯಿಂದ ಬಂದಿದ್ರೆ ಯಾರೂ ನಂಬ್ತಿರಲಿಲ್ಲ."