ಪ್ಲೇಟಿನ ತಮ್ಮ, ಜೋಳಿಗೆಯ ಅಣ್ಣ

ಬಿದ್ದರೂ ನಾಲ್ಕು ಊರಿಗೆ ಸುದ್ದಿಯಾಗುವಂತೆ ಬೀಳುವುದು ನಮ್ಮ ಮನೆತನದ ರೀತಿ. ಹಾಗಾಗಿ ನಮ್ಮಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಭತ್ತದ ಮೇಲೆ

ತಂಗಿಯ ಮಗನ ಜವಳದ, ಅಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರದ ಮಾತು ಮುಗಿಸಿ, ನಾನೂ ತಮ್ಮನೂ ನವಲಿಯಿಂದ ಗಂಗಾವತಿಗೆ ಬೈಕಿನಲ್ಲಿ ಹೊರಟಿದ್ದೆವು. ಸುಗ್ಗಿಯಲ್ಲಿ ನಮ್ಮ ಕಡೆ ಅರ್ಧ ರಸ್ತೆ ಸರಕಾರದ್ದು, ಇನ್ನರ್ಧ ಒಣಹಾಕಿದ ಭತ್ತದ್ದು.

"ಅಣ್ಣಾ, ಭತ್ತ ಐತಿ, ಸಾವಕಾಶ."

"ವಿಮಾನ ಕೊಟ್ರೂ ಇಳಸ್ತೀನಿ, ಸುಮ್ನ ಕೂಡು" ಎಂದೆ.

ಇಳಿಸಿದೆ. ಎಡ ಭುಜದ ಮೇಲೆ ನಾನು ಬಿದ್ದೆ, ಬಲ ಭುಜದ ಮೇಲೆ ಅವನು. ಭತ್ತದ ಒಡತಿ ಬಾಯಿ ಬಡಿದುಕೊಳ್ಳುತ್ತ ಓಡಿಬಂದಳು.

"ಅಳಬ್ಯಾಡವ್ವ, ಜೀವಂತ ಅದೀವಿ" ಎಂದ ತಮ್ಮ.

"ನಿಮಗ್ಯಾರು ಅಳತಾರ? ಭತ್ತ ಮಣ್ಣಾತಲ್ರೀ, ಬಳದು ಕೂಡಸ್ರಿ!"

ನನ್ನ ಬಲಗೈ, ಅವನ ಎಡಗೈ ಸೇರಿ ಒಬ್ಬ ಆಳಿನಷ್ಟು ದುಡಿದವು.

ಎಕ್ಸ್‌ರೇ

ಇಬ್ಬರಿಗೂ ಮುರಿದದ್ದು ಕಾಲರ್ ಬೋನ್, ಕೊರಳ ಬುಡದಿಂದ ಭುಜಕ್ಕೆ ಹೋಗುವ ಎಲುಬು. ಡಾಕ್ಟರು ನನಗೆ, "ನಿಮ್ದು ಮುರದ್ರೂ ಜಾಗಾ ಬಿಟ್ಟಿಲ್ರಿ. ಕೈನ ಕೊಳ್ಳಿಗೆ ಕಟ್ಟಿದ ಜೋಳಿಗಿಯೊಳಗ ಇಟ್ರ ತಾನಾ ಕೂಡತೈತಿ" ಎಂದರು. ತಮ್ಮನಿಗೆ, "ನಿಮ್ಮ ತುಂಡು ಒಂದರ ಮ್ಯಾಲೊಂದು ಏರಿ ಚರ್ಮ ಚುಚ್ಚಾಕತ್ಯಾವ. ಆಪರೇಶನ್ ಮಾಡಿ ಪ್ಲೇಟ್ ಹಾಕಬೇಕು."

"ನೋಡಿದ್ಯಾ? ನನ್ನ ಎಲುಬು ಮುರದ್ರೂ ಮರ್ಯಾದಿ ಬಿಟ್ಟಿಲ್ಲ" ಎಂದೆ ತಮ್ಮನಿಗೆ. "ಡಾಕ್ಟರ್ರೀ, ಇದರಾಗ ಯಾವ ಇಲಾಜು ಮೇಲು?"

"ಅವರವರ ಎಲುಬಿಗೆ ಅವರವರ ಇಲಾಜು. ಇದೇನು ಕುಸ್ತಿ ಏನ್ರಿ?"

ನಮಗಂತೂ ಕುಸ್ತಿಯೇ. ಜವಳದಲ್ಲಿ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ಮಾವಂದಿರು ಇಬ್ಬರು, ಮಗು ಒಂದು. ತಂಗಿ ತೀರ್ಪು ಕೊಟ್ಟಳು: "ಯಾರ ಕೈ ಛಲೋ ಆಕ್ಕೈತೋ ಅವರ ತೊಡಿ ಮ್ಯಾಲ ನನ್ನ ಮಗ. ಜವಳ ಮುಂದ ಹಾಕೀನಿ, ಲಗೂನ ಆರಾಮಾಗ್ರಿ."

ಪ್ರದರ್ಶನ

ತಿಂಗಳುಗಳು ಕಳೆದವು. ತಮ್ಮ ಬಂದವರಿಗೆಲ್ಲ ಅಂಗಿ ಗುಂಡಿ ಬಿಚ್ಚಿ ಹೊಲಿಗೆಯ ಗುರುತು ತೋರಿಸುತ್ತಿದ್ದ. "ನನ್ನೊಳಗ ಲೋಹ ಐತಿ!"

ನಾನು ಎಲುಬು ಕೂಡಿದಲ್ಲಿ ಎದ್ದ ಗಂಟು ಮುಟ್ಟಿಸುತ್ತಿದ್ದೆ. "ಇದು ಅಂಗಡಿ ಮಾಲಲ್ಲ, ಸ್ವಂತ ಮನಿ ಬೆಳಿ!"

ನನ್ನ ಹೆಂಡತಿ ತುಂಬಿದ ಕೊಡ ತಂದು ನಡುವೆ ಇಟ್ಟಳು. "ಇಬ್ರೂ ಆರಾಮಾಗೀರಂದ್ರ ಇದನ್ನ ಎತ್ರಿ ನೋಡೂಣು."

ಇಬ್ಬರಿಗೂ ಒಟ್ಟಿಗೇ ನೋವು ಮರುಕಳಿಸಿತು.

ಜವಳ

"ಯಾರ ಕೈ ಛಲೋ ಆಗೇತಿ?" ಎಂದು ತಂಗಿ ಕೇಳಿದಾಗ ಎರಡೂ ಕೈ ಸಮಸಮ ಎದ್ದವು. ಹಿರಿಯನೆಂದು ಮಗುವನ್ನು ನನ್ನ ತೊಡೆಗೆ ಹಾಕಿದಳು. ನಾನು ಗೆದ್ದ ಮೀಸೆ ತಿರುವುವಷ್ಟರಲ್ಲಿ ಮಗು ಕತ್ತಿ ಕಂಡು ಕರುವಿನಂತೆ ಜಿಗಿಯಿತು. ಗಂಟಿನ ಕೈಯಿಂದ ಅಪ್ಪಿ ಹಿಡಿದೆ. ಬಿಡಲಿಲ್ಲ!

"ಜೋಳಿಗಿ ಕೈಲೆ ಆಗಂಗಿಲ್ಲೋ ಅಣ್ಣಾ, ಆಚಿ ಸರಿ!" ಎಂದು ತಮ್ಮ ಪ್ಲೇಟಿನ ಕೈಯಿಂದ ಮಗುವಿನ ತಲೆ ಹಿಡಿದ. ನಾನು ಸೋಲಲೇ? ನಾನೂ ತಲೆಗೇ ಕೈ ಹಾಕಿದೆ. ಅವನು ಇನ್ನೊಂದು ಕೈ ಹಾಕಿದ. ನಾನೂ ಹಾಕಿದೆ.

ಕ್ಷೌರದವನು ಕತ್ತಿ ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೈಮುಗಿದು ಹೇಳಿದ:

"ಎರಡೂ ಎಲುಬು ಭಾಳ ಛಲೋ ಕೂಡ್ಯಾವ್ರಿ, ಒಪ್ಪಿದೆ. ಈಗ ಹುಡುಗನ ತಲಿ ಎಲ್ಲೈತಿ ತೋರಸ್ರಿ!"